ನಿಲುವು

ಹಗಲು ನಾನು ಕಾಲು ಮಾಡುತ್ತೇನೆ.
ರಾತ್ರಿಯೂ.
ಹಗಲಿನದು ಆಳೆತ್ತರದವರಿಗೆ: ಕಾರ್ಬನ್ನು, ತಿರುಪು, ಚರ್ಮದ ಪಟ್ಟಿ,
ರೆಕ್ಸಮ್ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ.
ರಾತ್ರಿಯದು ಅಕ್ಕಿಕಾಳಿನಷ್ಟು,
ಅಡುಗೆಮನೆಯ ಮೇಜಿನ ಮೇಲೆ, ಟೀ ಪಾತ್ರೆ ಆಚೆ ಸರಿಸಿ.

ಬೂದು ಚೌಕಟ್ಟಿನಲ್ಲಿ ಬರುತ್ತಾರೆ ಪಡೆಯವರು
ತೊಟ್ಟು ಬಿಡದ ಎಳೆಗಾಯಿಗಳ ಹಾಗೆ.
ಇಲ್ಲೊಂದು ತಲೆ, ಅಲ್ಲೆರಡು ಬೂಟು,
ಎದೆ ಒಂದು ಕಡೆ, ಬೆನ್ನು ಇನ್ನೊಂದು ಕಡೆ.
ಇಕ್ಕಳದಲ್ಲಿ ಕಿತ್ತರೆ ಟಕ್.
ಹೋಳಾಗಿ ಹುಟ್ಟಿದವರನ್ನು ಕೂಡಿಸುವ ಕೈ
ತಾಯಿಯದೇ ಆಗಬೇಕೆಂದಿಲ್ಲ.
ಅಂಟೆನ್ನುತ್ತಾರೆ, ಅಂಟಲ್ಲ ಅದು, ಕರಗಿಸುವ ನೀರು.
ಎರಡು ಮೈ ಒಂದರೊಳಗೊಂದು ಕರಗಿದ ಮೇಲೆ
ಬಿಡಿಸಬೇಕೆಂದರೆ ಗರಗಸವೇ ಗತಿ.
(ಮದುವೆಗಿಂತ ವಾಸಿ ಬಿಡು, ಎಂದಿದ್ದಳು ಅಕ್ಕ ಲೊವ್ರಿ,
ಎರಡನೆಯವನನ್ನು ಬಿಟ್ಟುಬಂದ ವರ್ಷ.)
ಅಚ್ಚಿನ ಗೆರೆಯನ್ನು ಚಾಕುವಿನ ಬೆನ್ನಿಂದ ಕೆರೆಯುತ್ತೇನೆ.
ಕೆರೆಯದೆ ಬಿಟ್ಟರೆ ಬಣ್ಣ ಚಾಡಿ ಹೇಳುತ್ತದೆ.

ಎಮ್ಲಿನ್ ಬಂದದ್ದು ಸೋಮವಾರ. ಸ್ಲೇಟುಗಣಿಯವನು.
ಎಡಗಾಲು, ಮೊಣಕಾಲ ಕೆಳಗಿನದು, ಕಲ್ಲಿಗೆ ಹೋಗಿದೆ.
ಹೊಸ ಕಾಲು ತೊಡಿಸಿ ನೋಡಿದ್ದು ಅದು ಮೂರನೆಯ ಸಲ.
“ಸರಿಯಿದೆಯಾ?”
“ಸರಿಯಿದೆ.”
ಮುಖ ನೋಡಲಿಲ್ಲ.
ನನ್ನ ಉಗುರಲ್ಲಿ ಹಸಿರು ಪುಟ್ಟಿ ಕಂಡು ಅದೇನೆಂದ.
ಹೇಳಿದೆ.
“ಹಾಗಾದರೆ ನನಗೂ ಒಬ್ಬನನ್ನು ಮಾಡಿಕೊಡು, ನನ್ನಂಥವನನ್ನು.”

ಉಳಿಕೆ ಡಬ್ಬಿ ಸುರುವಿದೆ.
ಸಾರ್ಜೆಂಟ್ ಒಬ್ಬನನ್ನು ಆರಿಸಿ
ಒಳ್ಳೆಯ ಕಾಲನ್ನೇ ಮೊಣಕಾಲಿಗೆ ಕೊಯ್ದೆ.
ಕೈ ನಡುಗಲಿಲ್ಲ. ನಡುಗಬೇಕಿತ್ತೇನೋ.
ಸೂಜಿಬೈರಿಗೆಯಲ್ಲಿ ತೂತು ಕೊರೆದು
ಕಾಗದದ ಕ್ಲಿಪ್ಪಿನ ತಂತಿ ನೆಟ್ಟೆ.
ಹಳದಿ, ನೀಲಿ ನಾದಿ ಹಸಿರಾದ ಪುಟ್ಟಿಯಲ್ಲಿ
ಷರಾಯಿಯ ಮಡಿಕೆ ತಿದ್ದಿದೆ.
ಕಪ್ಪು ಬಳಿದು, ಒಣಗಿಸಿ,
ಹಾಲಿನಷ್ಟು ತೆಳುವಾದ ಬಣ್ಣ ಎರಡು ಸಲ—
ಅವಸರದ ಒಂದೇ ದಪ್ಪ ಪದರ ಮೂಗನ್ನು ನುಂಗಿಬಿಡುತ್ತದೆ.
ಕಂದು ನೀರು ತಾನಾಗಿ ತಗ್ಗು ಹುಡುಕಿ ನೆರಳಾಗಿ ಕೂತಿತು,
ಒಣ ಕುಂಚ ಸವರಿದಲ್ಲಿ ಏಣಿಗೆ ಬೆಳಕು ಹತ್ತಿತು.
ಕಣ್ಣಿಗೆ ಮಾತ್ರ ಉಸಿರು ಹಿಡಿಯಬೇಕು.
ಬಲಗಣ್ಣು ನೆಟ್ಟಗೆ ಬಂತು.
ಎಡದ್ದು ಬಾಗಿಲ ಕಡೆ ತಿರುಗಿತು.
ಇರಲಿ, ಬಸ್ಸು ಕಾಯುವವನ ಹಾಗಿದ್ದಾನೆ.
ಕಬ್ಬಿಣದ ಕಾಲಿಗೆ ಬೆಳ್ಳಿ, ಬೆಳ್ಳಿಗೆ ಒಂಚೂರು ತುಕ್ಕು.
ಬುಡಕ್ಕೆ ಮರಳು, ತರಗೆಲೆಗೆ ಒಣಗಿದ ಟೀ ಸೊಪ್ಪು.

ಎಮ್ಲಿನ್ ಅವನನ್ನು ಕಿಟಕಿಯ ಬೆಳಕಿಗೆ ಹಿಡಿದ.
ಬಹಳ ಹೊತ್ತು.
“ಚೆನ್ನಾಗಿದ್ದಾನೆ. ಆದರೆ ನಾವು ಹೀಗೆ ನಿಲ್ಲುವುದಿಲ್ಲ.
ಇವನು ಎರಡೂ ಕಾಲನ್ನು ನಂಬಿದ್ದಾನೆ.”
ಎದ್ದು ನಿಂತು ತೋರಿಸಿದ:
ಭಾರವೆಲ್ಲ ಬಲಕ್ಕೆ, ಎಡ ಸೊಂಟ ಒಂದೆಳೆ ಮೇಲೆ,
ಭುಜ ಆ ಲೆಕ್ಕವನ್ನು ಸದ್ದಿಲ್ಲದೆ ತೀರಿಸುತ್ತ.

ಹನ್ನೊಂದು ವರ್ಷ ಕಾಲು ನೋಡಿದವಳು ನಾನು.
ಅಳೆಪಟ್ಟಿ ತಂದೆ.
ನಾಲ್ಕು ಮಿಲಿಮೀಟರು ಉದ್ದವಿತ್ತು ನಾನು ಕೊಟ್ಟದ್ದು.
“ಮೊದಲೇ ಹೇಳಬಾರದಿತ್ತಾ?”
“ನೀನು ಕೇಳಿದ್ದು ಕಾಲು ಸರಿಯಿದೆಯಾ ಅಂತ.
ಕಾಲು ಸರಿಯಾಗೇ ಇತ್ತು.”

ಅಂದು ಹಗಲು ಒಂದನ್ನು ಗಿಡ್ಡ ಮಾಡಿದೆ.
ರಾತ್ರಿ ಇನ್ನೊಬ್ಬನ ಸೊಂಟ ಕೊಯ್ದು, ಕೂದಲೆಳೆಯಷ್ಟು ತಿರುಗಿಸಿ,
ಮತ್ತೆ ತಂತಿ, ಮತ್ತೆ ಪುಟ್ಟಿ, ಮತ್ತೆ ಎರಡು ಪದರ.

ಗುರುವಾರ, ಚಾಪೆಲಿನ ಹಿಂದಿನ ಕೋಣೆ.
ಉದ್ದ ಮೇಜಿನ ಮೇಲೆ ಥರ್ಮಕೋಲಿನ ಗುಡ್ಡ, ಸುಟ್ಟ ಊರು.
ಎದುರಾಳಿ ಗೆತಿನ್, ಅಂಚೆ ಹಂಚುವವನು,
ನಿಯಮದ ಪುಸ್ತಕ ಬಾಯಿಪಾಠ.
ಮೊದಲ ಸರದಿ. ಮೊದಲ ಗುಂಡು.
ಎಮ್ಲಿನ್ ದಾಳ ಕುಲುಕಿ ಬಿಟ್ಟ: ಒಂದು.
ಮೂರು ವಾರದ ಸಾರ್ಜೆಂಟ್ ಮೂರು ನಿಮಿಷಕ್ಕೆ ಸತ್ತ.
ಕೋಣೆಯೆಲ್ಲ ನಗು, ಎಲ್ಲರಿಗಿಂತ ಜೋರು ಅವನದೇ.

ಟೀ ತರಲು ಎದ್ದ.
ನಾನು ಸೊಂಟ ನೋಡುತ್ತಿದ್ದೆ.
ಎರಡು ಲೋಟ ಹಿಡಿದು ಬಂದ, ದಾರಿಯಲ್ಲಿ ಸ್ವಲ್ಪ ಚೆಲ್ಲಿತು,
ಗೆತಿನ್ ತಂದಾಗಲೂ ಚೆಲ್ಲಿತ್ತು.
ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ಅಂಗಾತ ಸಾರ್ಜೆಂಟ್,
ಎಡಗಣ್ಣು ಇನ್ನೂ ಬಾಗಿಲ ಕಡೆ.