ಜ್ವರದ ಲೆಕ್ಕ

ಚೌಡೇಶ ತಂದ ಡಬ್ಬಿಯನ್ನು
ಕೈಯಲ್ಲಿ ಎತ್ತಿ ನೋಡಿದೆ. ಹಗುರ.
'ಸಾವಿರದಿನ್ನೂರು ವ್ಯಾಟ್ ಅತ್ತೆ, ಮೇಲೇ ಬರೆದವ್ರೆ.'
ಬರೆದಿರ್ತಾರಪ್ಪ.
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ
ಇಪ್ಪತ್ತೆರಡು ವರ್ಷ ಗೂಡು ಸುರಿದವಳು ನಾನು,
ಕಿವಿಗೆ ಹಿಡಿದು ಅಲ್ಲಾಡಿಸಿದರೆ ಸಾಕು.
ಅಲ್ಲಾಡಿಸಿದೆ. ಗಲಗಲ ಎಂದಿತು.
ಗೂಡು ಗಲಗಲ ಎಂದರೆ ಒಳ್ಳೇದು,
ಇದು ಎಂದರೆ
ಒಳಗೆ ಯಾವುದೋ ತಿರುಪು ಕಳಚಿದೆ.

ಜಂಗಮಕೋಟೆ ಕ್ರಾಸಿನಾಚೆ ನಮ್ಮ ಹುಳುಮನೆ.
ನಡುವೆ ಗೋಡೆ ಎಬ್ಬಿಸಿ ಅರ್ಧ ಅವನಿಗೆ ಬಾಡಿಗೆ.
ತಟ್ಟೆ ಜೋಡಿಸುವ ಕಬ್ಬಿಣದ ಸ್ಟ್ಯಾಂಡಿನಲ್ಲಿ
ಆರು ಕಾರ್ಡು, ಜಡೆ ಬಿಚ್ಚಿದ ವೈರು.
ಗಣಿ ಅಂತಾನೆ ಅದಕ್ಕೆ.
ಅಗೆದದ್ದು ಎಲ್ಲಿ ಗುಡ್ಡೆ ಬೀಳುತ್ತೋ ಎಂದರೆ
ಫೋನು ತೋರಿಸುತ್ತಾನೆ.

ಚಾಕಿ ಲೆಕ್ಕದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ
ಕೂಡಿಸಲು ಕೂತೆವು.
ನೂರತೊಂಬತ್ತರ ಹಾಗೆ ಆರು,
ಬೋರ್ಡು ಗೀರ್ಡು ಸೇರಿ ನೂರಿಪ್ಪತ್ತು.
ಸಾವಿರದಿನ್ನೂರ ಅರವತ್ತು.
'ಅರವತ್ತು ತಾನೇ ಅತ್ತೆ ಜಾಸ್ತಿ, ಎಳೆಯುತ್ತೆ ಬಿಡಿ.'
ಅಯ್ಯೋ ನನ್ನಪ್ಪ,
ಹುಳು ಸಣ್ಣದಿದ್ದಾಗಿನ ಹೊಟ್ಟೆ ನೋಡಿ
ಯಾರಾದರೂ ಸೊಪ್ಪು ಬೆಳೀತಾರಾ?
ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುವುದು ನೋಡು.
ಆ ದಿನಕ್ಕೆ ತೋಟ ಇಡಬೇಕು,
ಅದರ ಮೇಲೂ ಒಂದು ಸಾಲು ಉಳಿಯಬೇಕು.

ಗೊಣಗಿಕೊಂಡೇ ಹೋಗಿ ಬದಲಿಸಿ ತಂದ.
ಸಾವಿರದಾರುನೂರರದ್ದು,
ಐವತ್ತು ಕೆಜಿ ಗೂಡಿನ ದುಡ್ಡು.
ಈ ಸಲ ಎರಡೂ ಕೈ ಕೊಟ್ಟೆ.
ಹಸುಗೂಸಿನ ತೂಕ, ಅಲ್ಲಾಡಿಸಿದರೆ ಮೌನ.

ಇನ್ನು ಫ್ಯಾನು.
ನಾಲ್ಕನ್ನು ಎದುರುಬದುರು ಕೂರಿಸಿದ್ದ,
ಬೀಗರ ಪಂಕ್ತಿಯ ಹಾಗೆ.
ಗೂಡಿನ ಮೈಮೇಲಿನ ಜಾಳು ರೇಷ್ಮೆ ಎಳೆದು
ಒಂದೊಂದರ ಜಾಲರಿಗೂ ಒಂದೊಂದು ಎಳೆ ಕಟ್ಟಿದೆ.
ಆ ಕಡೆಯದು ಈ ಕಡೆಗೆ, ಈ ಕಡೆಯದು ಆ ಕಡೆಗೆ,
ನಡುವೆ ಬಿಸಿ ಗಾಳಿ
ಎಲ್ಲೂ ಹೋಗಲಾರದೆ ನಿಂತಿತ್ತು.
ಒಬ್ಬ ನೂಕಿದರೆ ಇನ್ನೊಬ್ಬ ಎಳೆಯಬೇಕು ಮಗ,
ತಣ್ಣಗಿನದು ಕೆಳಗಿಂದ ಬರಲಿ,
ಸುಡುವುದು ಮೇಲಿಂದ ಹೋಗಲಿ.
ಈ ಮನೆ ಕಟ್ಟಿಸಿದ ನಮ್ಮ ಮಾವನಿಗೆ
ರುಜು ಹಾಕಲೂ ಬರುತ್ತಿರಲಿಲ್ಲ,
ಬೀಡಿ ಹೊಗೆ ಬಿಟ್ಟು ನೋಡಿ
ಕಿಂಡಿ ಇಟ್ಟ ಮನುಷ್ಯ.

ಡಿಸೆಂಬರಿನಲ್ಲಿ ಚಳಿ ಇಳಿಯಿತು.
ನನ್ನ ಹುಳು ಮೂರನೇ ಜ್ವರದಲ್ಲಿ,
ಅರ್ಧ ಎದ್ದಿವೆ, ಅರ್ಧ ತಲೆಯೆತ್ತಿ ಹಾಗೇ ಕೂತಿವೆ.
ಇದ್ದಿಲು ಚೀಲಕ್ಕೆ ಎಷ್ಟು ಹೇಳಿದ ಗೊತ್ತಾ ಆ ಶೇಖ್ ದಾದು?
ರಾತ್ರಿ ಎರಡಕ್ಕೆ ಎದ್ದು ನಡುಗೋಡೆಗೆ ಕೈ ಇಟ್ಟೆ,
ಬೆಚ್ಚಗಿತ್ತು, ದನದ ಪಕ್ಕೆಯಂತೆ.
ಅವನನ್ನು ಕೇಳಲಿಲ್ಲ.
ಮೇಲಿನ ಕಿಂಡಿಯ ಇಟ್ಟಿಗೆ ಕೆಡವಿ
ಎರಡು ಫ್ಯಾನು ನನ್ನ ಕಡೆಗೆ ತಿರುಗಿಸಿದೆ,
ಒಣ ಗಾಳಿಗೆ ಅಡ್ಡವಾಗಿ
ಒದ್ದೆ ಗೋಣಿ ಇಳಿಬಿಟ್ಟೆ.
ಬೆಳಗಿಗೆ ಇಪ್ಪತ್ತಾರು ಡಿಗ್ರಿ.
ಅಷ್ಟೂ ಎದ್ದು ಸೊಪ್ಪಿಗೆ ಬಾಯಿ ಹಾಕಿದ್ದವು.

'ಅತ್ತೆ, ಅದು ನನ್ನ ಕರೆಂಟು' ಎಂದ ಚೌಡೇಶ.
ಕರೆಂಟು ನಿನ್ನದೇ, ನೀನು ಹೊರಗೆ ದಬ್ಬುವ ಬಿಸಿ ಯಾರದು?
ಬಾಡಿಗೆಯಲ್ಲಿ ಮುನ್ನೂರು ಹಿಡಿದುಕೊಂಡ.
ನಾನು ನಾನೂರು ಅನ್ನಬೇಕೆಂದಿದ್ದೆ, ಸುಮ್ಮನಾದೆ.

ಯುಗಾದಿ ಹೊತ್ತಿಗೆ ಅವನ ನಾಣ್ಯ ನೆಲ ಕಚ್ಚಿತು.
ಕಾರ್ಡು ಒಂದೊಂದಾಗಿ ಬೈಕಿನಲ್ಲಿ ಹೋದವು.
ಆ ದೊಡ್ಡ ಡಬ್ಬಿಗೆ ಮಾತ್ರ ಯಾರೂ
ಒಪ್ಪುವ ಬೆಲೆ ಹೇಳಲಿಲ್ಲ.
ಹಸಿರು ವೈರನ್ನು ಕರಿಯದಕ್ಕೆ ಸಿಕ್ಕಿಸಿ
ಅವನೇ ಹೊತ್ತಿಸಿ ಕೊಟ್ಟು ಹೋದ.

ಈಗ ಅದು ನನ್ನ ಹುಳುಮನೆಯಲ್ಲಿ
ನಾಲ್ಕು ಫ್ಯಾನು ತಿರುಗಿಸುತ್ತದೆ,
ಹದಿನಾರು ವ್ಯಾಟು.
ಆನೆಗೆ ಆಡು ಕಾಯುವ ಕೆಲಸ.
ಕಟ್ಟಿದ ಎಳೆಗಳನ್ನು ಯಾರೂ ಬಿಚ್ಚಿಲ್ಲ.
ಸಂಜೆ ಸೊಪ್ಪು ಹಾಕುತ್ತಾ ನೋಡುತ್ತೇನೆ,
ನಾಲ್ಕೂ ಒಂದೇ ಕಡೆ ತೋರಿಸುತ್ತಿರುತ್ತವೆ,
ಮಾವನ ಕಿಂಡಿಯ ಕಡೆ.