ಚಳಿಯ ಸುಳ್ಳು

ಕುಷ್ಟಗಿಗೆ ಚಳಿ ಬರೋದು
ಒಂದು ಕೌದಿಯಷ್ಟ, ಅದೂ ಬೆಳಗಿನ ಜಾವ.
ಅಷ್ಟಕ್ಕ ಸೇಬಿನ ಗಿಡ ಮಲಗೂದಿಲ್ಲ,
ಮಲಗದಿದ್ರ ಹೂ ಬಿಡೂದಿಲ್ಲ
ಅಂತಾನ ಮೈಬುಸಾಬ.

ಅದಕ್ಕ ಛಟ್ಟಿ ಅಮಾಸಿ ಕಳದ ಮ್ಯಾಗ
ನೀರು ನಿಲ್ಲಿಸಿ ನಮ್ಮನ್ನ ಕರೀತಾನ,
ನನ್ನ, ಯಂಕವ್ವನ್ನ, ರಾಜಾಬೀನ್ನ:
ಹಸಿರೆಲಿ ಒಂದೊಂದ ಬಿಡಿಸಾಕ.
ಜಗ್ಗಬ್ಯಾಡ್ರಿ, ಎಲಿ ಕಂಕುಳಾಗ ಕಣ್ಣೈತಿ.

ರಾಜಾಬಿ ಗಿಡದ ಕಿವಿಗೆ ಹೇಳ್ತಾಳ:
ನೀ ಶಿಮ್ಲಾದಾಗ ಅದಿ, ಹೊರಗ ಹಿಮ, ಮಲ್ಕೋ.
ಹೇಳ್ತಾ ಸೆರಗಿಲೆ ಬೆವರು ಒರಸ್ಕೊಂತಾಳ.

ಮೂರು ವಾರ ಬರೇ ಕಡ್ಡಿ.
ಸತ್ತವೇನಪಾ ಅಂತ ಬೈಕ್ ನಿಲ್ಲಿಸಿ ಕೇಳಿದ್ರು.
ಕೂಸು ಮಲಗಿದ ಮನ್ಯಾಗ ಮಾತಾಡಿದಂಗ
ಅವ ಪಿಸುಗುಟ್ಟಿದ: ಇಲ್ರಿ.

ಸಂಕ್ರಾಂತಿ ಆದ್ಮ್ಯಾಲೆ ಒಂದು ಬೇಸ್ತವಾರ ಬಿಳಿ ಹೂ.

ಹಣ್ಣು ಕೆಂಪಾಗಲಿಲ್ಲ.
ಸಂತ್ಯಾಗ ಒಬ್ಬಾಕಿ ಮೂಸಿ ನೋಡಿ
ಪ್ಯಾರಲ ಹೆಂಗ ಕಿಲೋ ಅಂದ್ಲು.
ಅವನೂ ಪ್ಯಾರಲದ ರೇಟ ಹೇಳಿದ.

ಈ ಸಲ ಹೋದ್ರ, ಬೀಜದಿಂದ ಎದ್ದ ಮೂಲಿಗಿಡ
ನಾವು ಮುಟ್ಟೂದರೊಳಗ ತಾನ ಎಲಿ ಉದುರಿಸಿ ನಿಂತಿತ್ತು.
ಮೈಬುಸಾಬ ಅದರ ಕಡ್ಡಿ ಕೊಯ್ದು
ಹಸಿ ಗೋಣಿಚೀಲದಾಗ ಸುತ್ತಿದ.
ಮುಂದ ಎಲ್ಲಾಕೂ ಇದರ ಕಣ್ಣ ಕಟ್ತೀನಿ, ಅಂದ.

ಯಂಕವ್ವ ಬಟ್ಟು ಮಡಿಸಿ ಎಣಿಸಿದ್ಲು:
ಆರು ದಿನದ ಕೂಲಿ.