ಲಾಳಿ

ಮಸ್ಕತ್ತಿನ ಕಾಗದ ಬಂದು ಹದಿನಾರು ದಿನ.
ಎರಡು ವರ್ಷದ ಕರಾರು, ಇಪ್ಪತ್ಮೂರು ಕಿಲೋ ಸಾಮಾನು.
ಬೆಕ್ಕಿಗೆ ಅದರಾಗ ಕಾಲಂ ಇಲ್ಲ.

ಕಂಪೌಂಡರ್ ಹುಚ್ಚೇಶ ಅಂದ:
ಮತ್ತ ನನ್ನ ಪಾರಿವಾಳ ಏನ್ ಮಾಡ್ಲಿ, ಸಿಸ್ಟರ್?
ಮಾಲಕಿಬಾಯಿಗೆ ದಮ್ಮು.
ಬದಾಮಿಯ ತಂಗಿ ಫೋನಿನಾಗ ಬರೇ ನಕ್ಕಳು.

ಗುಳೇದಗುಡ್ಡದ ಮಗ್ಗದ ಓಣಿ, ಕಡೇ ಮನಿ.
ಕೇಳಿ ನೋಡೂಣಂತ
ದಾನವ್ವನ ಹೊಸ್ತಿಲಿಗೆ ನಿಂತೆ, ರಾತ್ರಿಪಾಳಿ ಮುಗಿಸಿ,
ಕೈಯಾಗಿನ್ನೂ ಡೆಟಾಲಿನ ವಾಸನಿ.
ಒಳಗ ಅರ್ಧ ನೇದ ಖಣ.
ಮಗ್ಗದ ಕುಣಿಯಾಗ, ಆಕಿ ಪಾದದ ಬಾಜೂಕ,
ಮುದ್ದಿಯಾಗಿ ಮಲಗಿತ್ತು
ನನ್ನ ಬೂದಿ.

"ಇದು ನಿಮ್ಮದೇನ್ರಿ? ನಾವು ಲಾಳಿ ಅಂತೀವಿ.
ಒಂದು ವಾರ ರಾತ್ರಿ ಇಲ್ಲೇ ಇರತೈತಿ,
ಮುಂದಿನ ವಾರ ಮಾಯ.
ಆ ಕಡೆ ಯಾರದಾರಂತ ನಾವೂ ಕೇಳಿಲ್ಲ."

ಆ ಕಡೆ ನಾನಿದ್ದೆ.

ಎರಡೂ ಮಗ್ಗಲು ಬರೆದಿದ್ದ ಚೀಟಿ:
ಹಾಲಿಗೆ ನೀರು ಬೆರಸ್ರಿ,
ಗುಡುಗಿದರ ಟ್ರಂಕಿನ ಹಿಂದ ಹುಡುಕ್ರಿ,
ಎಡಗಿವಿ ಮುಟ್ಟಬ್ಯಾಡ್ರಿ.
ತೆಗೀಲಿಲ್ಲ. ಕಿಸೆಯಾಗೇ ಮಡಚಿದೆ ಇನ್ನೊಂದು ಸಲ.

ರೊಕ್ಕ ಕೊಟ್ಟೆ. ದಾನವ್ವ ಉಗುಳು ಹಚ್ಚಿ ಎಣಿಸಿ
ಅರ್ಧ ತಿರುಗಿ ಕೊಟ್ಟಳು.
"ಅರ್ಧ ಬೆಕ್ಕು ಮೊದಲೇ ನಮ್ಮದೈತಲ್ಲ."

ಎರಡೇ ವರ್ಷ, ತಾತ್ಪೂರ್ತಿಕ, ಅಂದೆ.
ಯಾರಿಗೆ ಅಂದೆನೋ.
ಮಗ್ಗ ನಿಂತಿತ್ತಂತ ಬೂದಿ ಒಂದು ಕಣ್ಣು ತೆರೆದು
ನನ್ನನ್ನಲ್ಲ,
ದಾನವ್ವನ ಕಾಲಬೆರಳು ನೋಡಿತು:
ಯಾವಾಗ ಒತ್ತತೈತಿ ಹಲಗಿ,
ಯಾವಾಗ ಮತ್ತ ಶುರು ಆಗತೈತಿ
ಆ ಕಟಕ್ ಪಟಕ್.